ದುಂಡು ಮೂಲೆಯ ದಪ್ಪ ಅಕ್ಷರ: ಕಾರ್ ಶೋರೂಮ್ ಬೋರ್ಡಿನಿಂದ ನಿಮ್ಮ ಫೋನಿನವರೆಗೆ

ಇವತ್ತಿನ ಎಪಿಸೋಡ್‌ನಲ್ಲಿ ರಾಜ ಇಲ್ಲ, ಯುದ್ಧ ಇಲ್ಲ, ಸಿಂಹಾಸನಕ್ಕೆ ಜಗಳ ಇಲ್ಲ. ಇವತ್ತಿನ ಕಥೆ ಅಕ್ಷರದ ಮೂಲೆಯದ್ದು. ಹೌದು, ಮೂಲೆ. ಅಕ್ಷರದ ಗೆರೆ ಎಲ್ಲಿ ಮುಗಿಯುತ್ತೋ ಆ ತುದಿ ಚೂಪಾಗಿರಬೇಕಾ, ದುಂಡಗಿರಬೇಕಾ ಅನ್ನೋ ಪ್ರಶ್ನೆಯದ್ದು. ಇಷ್ಟಕ್ಕೆ ಒಂದು ಎಪಿಸೋಡ್ ಬೇಕಾ ಅಂತ ಕೇಳಬಹುದು. ಬೇಕು, ಯಾಕಂದ್ರೆ ಈ ದುಂಡು ತುದಿಗೂ ನಿಮ್ಮ ಜೇಬಿನ ದುಡ್ಡಿಗೂ ಸಂಬಂಧ ಇದೆ. ಅಲ್ಲಿಗೆ ಬರೋಣ, ಸ್ವಲ್ಪ ಸುತ್ತಿಕೊಂಡು.

ಮೊದಲು ನಾವು ಯಾವ ಅಕ್ಷರದ ಬಗ್ಗೆ ಮಾತಾಡ್ತಿದ್ದೀವಿ ಅನ್ನೋದು ಸ್ಪಷ್ಟ ಆಗಲಿ. ಇಂಗ್ಲಿಷ್ ಪೇಪರಿನ ಅಕ್ಷರ ನೋಡಿ. ಗೆರೆಯ ತುದಿಗಳಲ್ಲಿ ಪುಟ್ಟ ಪಾದಗಳಿರುತ್ತವೆ. ಆ ಪಾದಕ್ಕೆ ಸೆರಿಫ್ ಅಂತಾರೆ. ಪಾದ ಕತ್ತರಿಸಿ ಹಾಕಿದರೆ ಉಳಿಯೋದು ಸ್ಯಾನ್ಸ್ ಸೆರಿಫ್, ಅಂದ್ರೆ ಪಾದವಿಲ್ಲದ ಅಕ್ಷರ. ಮೊಬೈಲ್ ತುಂಬಾ ಇರೋದು ಹೆಚ್ಚಾಗಿ ಅದೇ. ಈಗ ಆ ಪಾದವಿಲ್ಲದ ಅಕ್ಷರದ ತುದಿಗಳನ್ನೆಲ್ಲ ಉಜ್ಜಿ ದುಂಡಗೆ ಮಾಡಿ, ಗೆರೆಯನ್ನು ಒಂದೇ ಸಮ ದಪ್ಪ ಮಾಡಿ. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಹೇಳೋದಾದ್ರೆ, ಕೋಡುಬಳೆ ಹಿಟ್ಟನ್ನು ಹೊಸೆದು ಅಕ್ಷರ ಮಾಡಿದ ಹಾಗೆ. ಎಲ್ಲೂ ಅಂಚು ಇಲ್ಲ, ಚುಚ್ಚೋ ಜಾಗ ಇಲ್ಲ. ಇದೇ ಬೋಲ್ಡ್ ರೌಂಡೆಡ್ ಸ್ಯಾನ್ಸ್ ಸೆರಿಫ್.

ಇದನ್ನು ಯಾರೋ ಒಬ್ಬ ಕಲಾವಿದ ಕೂತು "ಅಕ್ಷರ ಮುದ್ದಾಗಿರಲಿ" ಅಂತ ಕಂಡುಹಿಡಿದ ಅಂದುಕೊಳ್ಳೋದು ಸುಲಭ. ಆದರೆ ದುಂಡು ತುದಿ ಎಷ್ಟೋ ಕಡೆ ಹುಟ್ಟಿದ್ದು ಮುದ್ದಿಗಲ್ಲ, ಉಪಕರಣದ ಅನಿವಾರ್ಯಕ್ಕೆ.

ಲೋಹದ ಫಲಕದ ಮೇಲೆ ಅಕ್ಷರ ಕೊರೆಯೋ ಯಂತ್ರ ತಗೊಳ್ಳಿ. ಕೆಲಸಗಾರ ಒಂದು ಕಡೆ ಅಚ್ಚಿನ ಅಕ್ಷರದ ಮೇಲೆ ಕಡ್ಡಿ ಓಡಿಸ್ತಾನೆ, ಇನ್ನೊಂದು ಕಡೆ ಗಿರಗಿರ ತಿರುಗೋ ಮೊನೆ ಅದನ್ನೇ ಚಿಕ್ಕದಾಗಿ ಲೋಹದ ಮೇಲೆ ಕೊರೆಯುತ್ತೆ. ತಿರುಗೋ ಮೊನೆ ಗುಂಡಗಿರೋದರಿಂದ ಅದು ನಿಂತ ಜಾಗವೂ ಗುಂಡಗೇ ಆಗುತ್ತೆ. ಚೂಪು ಮೂಲೆ ಬೇಕಂದ್ರೆ ಆಮೇಲೆ ಕೈಯಿಂದ ಕೆತ್ತಬೇಕು, ಅಷ್ಟು ಪುರುಸೊತ್ತು ಯಾವ ಕಾರ್ಖಾನೆಗಿದೆ? ಹಾಗಾಗಿ ಹಳೇ ಕ್ಯಾಮೆರಾ ಲೆನ್ಸಿನ ಸುತ್ತ, ಲಿಫ್ಟಿನ ಫಲಕದಲ್ಲಿ, ಯಂತ್ರಗಳ ಕಂಟ್ರೋಲ್ ಪ್ಯಾನಲ್‌ನಲ್ಲಿ ಈ ದುಂಡು ತುದಿ ಕಾಣುತ್ತೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಮರದ ಹಲಗೆಯಲ್ಲಿ ಕೊರೆದ ದಾರಿ ಫಲಕಗಳ ಅಕ್ಷರವೂ ಇದೇ ಕಾರಣಕ್ಕೆ ದುಂಡು.

ಇನ್ನೊಂದು ಉದಾಹರಣೆ ನಿಯಾನ್ ದೀಪ. 1910ರಲ್ಲಿ ಫ್ರಾನ್ಸಿನ ಜಾರ್ಜ್ ಕ್ಲೋಡ್ ಪ್ಯಾರಿಸ್‌ನಲ್ಲಿ ನಿಯಾನ್ ದೀಪ ತೋರಿಸಿದರು. ಮುಂದೆ ಅದು ಅಂಗಡಿ ಬೋರ್ಡುಗಳಿಗೆ ಬಂತು. ಗಾಜಿನ ಕೊಳವೆಯನ್ನು ಕಾಯಿಸಿ ಬಗ್ಗಿಸಿ ಅಕ್ಷರ ಮಾಡ್ತಾರೆ. ಕೊಳವೆಯನ್ನು ಬಳುಕಿಸಬಹುದು, ಆದರೆ ಚೂಪಾಗಿ ಮಡಚೋಕೆ ಹೋದರೆ ಒಡೆಯುತ್ತೆ. ಇವತ್ತು ಕೆಫೆ ಗೋಡೆಗಳ ಮೇಲೆ ಸೆಲ್ಫಿಗೆ ಅಂತ ಹಾಕೋ ಎಲ್‌ಇಡಿ ಬರಹಗಳೂ ಅದೇ ಚಹರೆಯವು. ವಸ್ತು ಬದಲಾಯ್ತು, ಆಕಾರ ಉಳೀತು.

ಹಾಗಾದರೆ ಉಪಕರಣದ ಕಾಟದಿಂದ ಬಂದ ಆಕಾರ, ಬೇಕು ಅಂತ ಆರಿಸಿಕೊಳ್ಳೋ ಆಕಾರ ಆಗಿದ್ದು ಹೇಗೆ? ಇದಕ್ಕೆ ನನಗೆ ಗೊತ್ತಿರೋ ಒಳ್ಳೆಯ ಕಥೆ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯದ್ದು. ನಾನು ಕಾಮರ್ಸ್ ಓದಿದವನು, ಹಾಗಾಗಿ ನನಗೆ ಇದರಲ್ಲಿ ಮೊದಲು ಕಂಡಿದ್ದು ಅಕ್ಷರ ಅಲ್ಲ, ಎರಡು ಕಂಪನಿಗಳ ವಿಲೀನದ ಸಮಸ್ಯೆ.

1960ರ ದಶಕದ ಮಧ್ಯದಲ್ಲಿ ಫೋಕ್ಸ್‌ವ್ಯಾಗನ್, ಡೈಮ್ಲರ್ ಬೆಂಝ್ ಕೈಯಿಂದ ಆಟೋ ಯೂನಿಯನ್ ಕಂಪನಿಯನ್ನು ಕೊಂಡುಕೊಳ್ತು. ಇವತ್ತಿನ ಔಡಿ ಬಂದಿದ್ದು ಅಲ್ಲಿಂದಲೇ. ಮಾಲೀಕ ಒಬ್ಬನೇ, ಆದರೆ ಬ್ರ್ಯಾಂಡ್ ಎರಡು. 70ರ ದಶಕದ ಕೊನೆಗೆ ಎರಡೂ ಕಾರುಗಳನ್ನು ಒಂದೇ ಡೀಲರ್ ಜಾಲದಲ್ಲಿ ಮಾರೋಣ ಅಂತ ತೀರ್ಮಾನ ಆಯ್ತು. ಆ ಜಾಲಕ್ಕೆ ವಿ.ಎ.ಜಿ. ಅಂತ ಹೆಸರು. ಈಗ ತಮಾಷೆ ನೋಡಿ. ಫೋಕ್ಸ್‌ವ್ಯಾಗನ್ ಜಾಹೀರಾತುಗಳಲ್ಲಿ ಇರ್ತಿದ್ದ ಅಕ್ಷರ ಫ್ಯೂಚುರಾ. ಅದು ಪಾದವಿಲ್ಲದ, ಸ್ಕೇಲು ಕಾಂಪಾಸ್ ಹಿಡಿದು ಬರೆದಂಥ ಅಕ್ಷರ. ಔಡಿಯದ್ದು ಟೈಮ್ಸ್. ಅದು ಪಾದ ಇರೋ, ಪೇಪರಿನಂಥ ಗಂಭೀರ ಅಕ್ಷರ. ಒಂದೇ ಶೋರೂಮಿನ ಮೇಲೆ ಯಾವುದನ್ನು ಬರೆಯೋದು? ಇವರದ್ದು ಹಾಕಿದರೆ ಅವರಿಗೆ ಮುನಿಸು, ಅವರದ್ದು ಹಾಕಿದರೆ ಇವರಿಗೆ. ಮದುವೆ ಪತ್ರಿಕೆಯಲ್ಲಿ ಯಾರ ಮನೆಯವರ ಹೆಸರು ಮೊದಲು ಅನ್ನೋ ಜಗಳ ಇದ್ದ ಹಾಗೆ.

ಕೆಲಸ ಹೋಗಿದ್ದು ಲಂಡನ್ನಿನ ಸೆಡ್ಲಿ ಪ್ಲೇಸ್ ಅನ್ನೋ ವಿನ್ಯಾಸ ಸಂಸ್ಥೆಗೆ. ಆ ತಂಡದಲ್ಲಿದ್ದವರಲ್ಲಿ ಒಬ್ಬರು ಜೆರ್ರಿ ಬಾರ್ನಿ. 1965ರಲ್ಲಿ ಬ್ರಿಟಿಷ್ ರೈಲ್ವೆಗೆ ಎರಡು ಬಾಣದ ಗುರುತು ಬರೆದವರು ಇವರೇ, ಬ್ರಿಟನ್ನಿನ ರೈಲು ನಿಲ್ದಾಣಗಳ ಹೊರಗೆ ಅದು ಇವತ್ತಿಗೂ ಇದೆ. 1979ರಲ್ಲಿ ಈ ತಂಡ ಎರಡೂ ಮನೆಗೆ ಸೇರದ ಮೂರನೇ ಅಕ್ಷರ ಕೊಟ್ಟಿತು. ಪಾದವಿಲ್ಲದ ಸರಳ ಅಕ್ಷರ, ಎಲ್ಲ ತುದಿಗಳೂ ದುಂಡು. ಹೆಸರು ವಿಎಜಿ ರೌಂಡೆಡ್.

ದುಂಡು ಯಾಕೆ ಅನ್ನೋದಕ್ಕೆ ಒಂದು ವ್ಯಾವಹಾರಿಕ ಅನುಕೂಲವನ್ನೂ ನೋಡಿ. ಡೀಲರ್ ಬೋರ್ಡು ಅಂದ್ರೆ ಒಂದೇ ಪ್ರೆಸ್ಸಿನಲ್ಲಿ ಅಚ್ಚಾಗೋ ವಸ್ತು ಅಲ್ಲ. ಬೇರೆ ಬೇರೆ ದೇಶ, ಬೇರೆ ಬೇರೆ ಊರು, ಕೆಲವು ಕಡೆ ಪ್ಲಾಸ್ಟಿಕ್ಕಿನಲ್ಲಿ ಕತ್ತರಿಸ್ತಾರೆ, ಕೆಲವು ಕಡೆ ಪೇಂಟರ್ ಏಣಿ ಹತ್ತಿ ಬ್ರಶ್ಶಿನಲ್ಲಿ ಬರೀತಾರೆ. ಚೂಪು ಮೂಲೆಯ ಅಕ್ಷರದಲ್ಲಿ ಕೈ ಒಂಚೂರು ಜಾರಿದರೂ ಎದ್ದು ಕಾಣುತ್ತೆ. ದುಂಡು ತುದಿಯ ಅಕ್ಷರ ಸಣ್ಣಪುಟ್ಟ ವ್ಯತ್ಯಾಸ ನುಂಗಿಕೊಳ್ಳುತ್ತೆ. ಬಣ್ಣ ಸ್ವಲ್ಪ ಹರಡಿದರೂ, ಫೋಟೊಕಾಪಿಯಲ್ಲಿ ಅಂಚು ಮಾಸಿದರೂ ಅದರ ಮುಖ ಕೆಡಲ್ಲ, ಯಾಕಂದ್ರೆ ಕೆಡೋಕೆ ಅಲ್ಲಿ ಮೂಲೆಯೇ ಇಲ್ಲ.

ವಿ.ಎ.ಜಿ. ಅನ್ನೋ ಹೆಸರನ್ನು ಕಂಪನಿ 90ರ ದಶಕದ ಆರಂಭದಲ್ಲಿ ಕೈಬಿಟ್ಟಿತು. ಆದರೆ ಅಷ್ಟರಲ್ಲಿ ಆ ಅಕ್ಷರ ಬೇರೆಯವರಿಗೂ ಸಿಗುವಂತಾಗಿತ್ತು. 1989ರಲ್ಲಿ ಅಡೋಬಿ ಅದನ್ನು ಕಂಪ್ಯೂಟರ್ ಫಾಂಟ್ ಆಗಿ ಹೊರತಂದಿತ್ತು. 1999ರಲ್ಲಿ ಆ್ಯಪಲ್‌ನ ಐಬುಕ್ ಲ್ಯಾಪ್‌ಟಾಪ್ ಬಂದಾಗ ಅದರ ಕೀಬೋರ್ಡ್ ಮೇಲೆ ಇದ್ದದ್ದು ಇದೇ ಅಕ್ಷರದ ತೆಳು ರೂಪ. ಮುಂದೆ ಉಳಿದ ಆ್ಯಪಲ್ ಕೀಬೋರ್ಡುಗಳಿಗೂ ಅದೇ ಬಂತು. 2015ರಲ್ಲಿ ಕಂಪನಿ ತನ್ನದೇ ಸ್ಯಾನ್‌ಫ್ರಾನ್ಸಿಸ್ಕೊ ಅಕ್ಷರಕ್ಕೆ ಬದಲಾಗೋಕೆ ಶುರು ಮಾಡಿತು. ಅಂದ್ರೆ ಕಾರ್ ಡೀಲರುಗಳ ರಾಜಿಗೆ ಅಂತ ಹುಟ್ಟಿದ ಅಕ್ಷರದ ಮೇಲೆ ಸುಮಾರು 15 ವರ್ಷ ಜಗತ್ತಿನ ಲಕ್ಷಾಂತರ ಜನರ ಬೆರಳುಗಳು ಓಡಾಡಿದವು. ಆ ಅಕ್ಷರ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಒಳ್ಳೆಯ ಅಕ್ಷರದ ಹಣೆಬರಹವೇ ಅಷ್ಟು, ಅದು ಕಾಣಬಾರದು, ಓದಿಸಬೇಕು.

ಈಗ ಮುಖ್ಯ ಪ್ರಶ್ನೆ. ದುಂಡು ಆಕಾರ ನೋಡಿದರೆ ನಮಗೆ ಯಾಕೆ ಹತ್ತಿರದ್ದು ಅನ್ನಿಸುತ್ತೆ? 1929ರಲ್ಲಿ ಜರ್ಮನ್ ಮನಶ್ಶಾಸ್ತ್ರಜ್ಞ ವೋಲ್ಫ್‌ಗಾಂಗ್ ಕೋಲರ್ ಒಂದು ಪ್ರಯೋಗದ ಬಗ್ಗೆ ಬರೆದರು. ಎರಡು ಚಿತ್ರ, ಒಂದು ಬಳುಕು, ಒಂದು ಮುಳ್ಳುಮುಳ್ಳು. ಜೊತೆಗೆ ಅರ್ಥವೇ ಇಲ್ಲದ ಎರಡು ಪದ. ಯಾವ ಪದ ಯಾವ ಚಿತ್ರದ್ದು ಅಂತ ಕೇಳಿದರೆ ಹೆಚ್ಚಿನವರದ್ದು ಒಂದೇ ಉತ್ತರ. 2001ರಲ್ಲಿ ವಿ.ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬಾರ್ಡ್ ಇದನ್ನೇ "ಬೂಬಾ" ಮತ್ತು "ಕಿಕಿ" ಅನ್ನೋ ಪದ ಇಟ್ಟುಕೊಂಡು ಕೇಳಿದರು. ಅಮೆರಿಕದ ಕಾಲೇಜು ಹುಡುಗರೂ ಅಷ್ಟೆ, ತಮಿಳು ಮಾತಾಡುವವರೂ ಅಷ್ಟೆ, ಬಹುಪಾಲು ಜನ ಬಳುಕು ಚಿತ್ರಕ್ಕೆ ಬೂಬಾ, ಮುಳ್ಳಿನದಕ್ಕೆ ಕಿಕಿ ಅಂದರು. ಇದು ಫಾಂಟ್ ಬಗ್ಗೆ ಮಾಡಿದ ಪ್ರಯೋಗ ಅಲ್ಲ, ಅದನ್ನು ನೆನಪಿಡಿ. ಆದರೆ ಕಣ್ಣು ಆಕಾರವನ್ನು ಬರೀ ಆಕಾರವಾಗಿ ನೋಡಲ್ಲ, ಅದಕ್ಕೊಂದು ದನಿ, ಒಂದು ಸ್ವಭಾವ ಅಂಟಿಸುತ್ತೆ ಅನ್ನೋದನ್ನು ಅದು ತೋರಿಸುತ್ತೆ. ನಮ್ಮಲ್ಲೂ ಕೆನ್ನೆ ಉಬ್ಬಿದ ಮಗುವಿಗೆ "ಗುಂಡ" ಅಂತೀವಿ. ಯಾರೂ "ಚೂಪ" ಅನ್ನಲ್ಲ.

ಸರಿ, ಕನ್ನಡಕ್ಕೆ ಬರೋಣ. ಕನ್ನಡದ ಅಕ್ಷರ ಮೊದಲೇ ದುಂಡಲ್ವಾ, ಅದಕ್ಕೆ ಇನ್ನೇನು ದುಂಡು ಮಾಡೋದು? ತಾಳೆಗರಿ ಮೇಲೆ ಕಂಠದಿಂದ ಕೊರೆಯೋವಾಗ ನೇರ ಗೆರೆ ಎಳೆದರೆ ಗರಿ ಸೀಳುತ್ತೆ, ಹಾಗಾಗಿ ದಕ್ಷಿಣದ ಲಿಪಿಗಳು ದುಂಡಾದವು ಅನ್ನೋ ಮಾತು ನೀವೂ ಕೇಳಿರ್ತೀರಿ. ಆದರೆ ದುಂಡು ಲಿಪಿ ಬೇರೆ, ದುಂಡು ತುದಿಯ ಫಾಂಟ್ ಬೇರೆ. ಸುತ್ತು ದುಂಡಗಿದ್ದರೂ ಗೆರೆ ಮುಗಿಯೋ ಕಡೆ, ತಲೆಕಟ್ಟಿನ ಕೊನೆಯಲ್ಲಿ, ಅಂಚು ಚೂಪಾಗಿರಬಹುದು. ಪಠ್ಯಪುಸ್ತಕದ ಅಕ್ಷರ ಗಮನಿಸಿ, ಒಂದು ಕಡೆ ದಪ್ಪ ಇದ್ದ ಗೆರೆ ಇನ್ನೊಂದು ಕಡೆ ತೆಳ್ಳಗಾಗಿ ಹರಿತವಾಗಿ ಮುಗಿಯುತ್ತೆ.

ಕನ್ನಡದಲ್ಲಿ ದಪ್ಪ, ದುಂಡು ತುದಿಯ ಫಾಂಟ್ ಅಂದ್ರೆ ಮೊದಲು ನೆನಪಾಗೋ ಹೆಸರು ಬಲೂ ತಮ್ಮ. ಮುಂಬೈನ ಏಕ್ ಟೈಪ್ ತಂಡ 2016ರ ಹೊತ್ತಿಗೆ ಗೂಗಲ್ ಫಾಂಟ್ಸ್ ಮೂಲಕ ಹೊರತಂದ ಬಲೂ ಕುಟುಂಬದ ಕನ್ನಡದ ಸದಸ್ಯ ಇವನು. ಒಂದೇ ಸ್ವಭಾವವನ್ನು ಭಾರತದ ಹಲವು ಲಿಪಿಗಳಲ್ಲಿ ತರೋದು ಅವರ ಉದ್ದೇಶ. ಹೆಸರುಗಳೇ ಒಂದು ಮಜಾ. ಗುಜರಾತಿಗೆ ಬಲೂ ಭಾಯ್, ಬಂಗಾಳಿಗೆ ಬಲೂ ದಾ, ಪಂಜಾಬಿಗೆ ಬಲೂ ಪಾಜಿ, ಮಲಯಾಳಕ್ಕೆ ಬಲೂ ಚೇಟ್ಟನ್, ತಮಿಳಿಗೆ ಬಲೂ ತಂಬಿ, ತೆಲುಗಿಗೆ ಬಲೂ ತಮ್ಮುಡು. ಪಕ್ಕದ ಕೇರಳದವರಿಗೆ ಅಣ್ಣ, ನಮಗೆ ತಮ್ಮ. ಪರವಾಗಿಲ್ಲ, ಉತ್ತರ ಕರ್ನಾಟಕದಲ್ಲಿ "ಯಾಕ ತಮ್ಮಾ" ಅಂದ್ರೆ ಅದಕ್ಕಿಂತ ಪ್ರೀತಿ ಬೇಕಾ?

ಈ ಫಾಂಟ್ ಮಾಡೋದು ಎಷ್ಟು ಕಷ್ಟ ಅನ್ನೋದು ಒಂದು ಅಕ್ಷರ ತಗೊಂಡರೆ ಗೊತ್ತಾಗುತ್ತೆ. "ದ" ಬರೆಯಿರಿ. ಅದರ ಕೆಳಗೆ ಒಂದು ಪುಟ್ಟ ಗೀಟು ಹಾಕಿದರೆ "ಧ". "ರ" ಒಳಗೆ ಒಂದು ಚುಕ್ಕೆ ಇಟ್ಟರೆ "ಠ". "ಪ" ಹೊಟ್ಟೆಯಲ್ಲಿ ಗೀಟು ಎಳೆದರೆ "ಷ". ಸ್ಕೂಲಲ್ಲಿ ಮೇಷ್ಟ್ರು "ಹೊಟ್ಟೆ ಸೀಳಿದ ಷ" ಅಂತಿದ್ದರಲ್ಲ, ಅದೇ. ಈಗ ಗೆರೆಯನ್ನು ದಪ್ಪ ಮಾಡ್ತಾ ಹೋಗಿ. ಒಳಗಿನ ಖಾಲಿ ಜಾಗ ಕಮ್ಮಿ ಆಗ್ತಾ ಬರುತ್ತೆ. ಚುಕ್ಕೆ ಗೋಡೆಗೆ ಅಂಟಿಕೊಳ್ಳುತ್ತೆ, ಗೀಟು ಮಾಯ ಆಗುತ್ತೆ. ಆಗ "ಪಾಠ" ಹೋಗಿ "ಪಾರ" ಆಗುತ್ತೆ. "ಧನಸಹಾಯ" ಹೋಗಿ "ದನಸಹಾಯ" ಆಗುತ್ತೆ. ನಗಬೇಡಿ, ಕಾಮರ್ಸ್‌ನವನಿಗೆ ಇದು ಗಂಭೀರ ವಿಷಯ.

ಅದು ಸಾಲದು ಅಂತ ನಮ್ಮ ಒತ್ತಕ್ಷರ. ಇಂಗ್ಲಿಷ್ ಅಕ್ಷರಗಳು ಒಂದರ ಪಕ್ಕ ಒಂದು ನಿಲ್ಲುತ್ತವೆ. ನಮ್ಮವು ಕೆಳಗೂ ಇಳಿಯುತ್ತವೆ. "ರಾಷ್ಟ್ರ" ಅನ್ನೋ ಪದದಲ್ಲಿ "ಷ" ಕೆಳಗೆ "ಟ" ಒತ್ತು, ಅದರ ಜೊತೆ "ರ" ಒತ್ತು. ದಪ್ಪ ಗೆರೆಯಲ್ಲಿ ಇವೆಲ್ಲ ಒಂದರ ಮೇಲೊಂದು ಕೂತರೆ ಮುದ್ದೆ. ಹಾಗಾಗಿ ದಪ್ಪ ಕನ್ನಡ ಫಾಂಟ್ ಮಾಡುವವರು ಒತ್ತುಗಳನ್ನು ಬೇರೆ ಅಳತೆಯಲ್ಲಿ ಬರೀಬೇಕು, ಎಲ್ಲೆಲ್ಲಿ ಗೆರೆ ಸೇರುತ್ತೋ ಅಲ್ಲಿ ಸ್ವಲ್ಪ ತೆಳ್ಳಗೆ ಮಾಡಬೇಕು, ಆದರೂ ಕಣ್ಣಿಗೆ ಒಂದೇ ದಪ್ಪ ಅನ್ನಿಸಬೇಕು. ಇಂಗ್ಲಿಷ್ ಫಾಂಟನ್ನು ನಕಲು ಹೊಡೆದರೆ ಕನ್ನಡ ಫಾಂಟ್ ಆಗಲ್ಲ. ಬಲೂ ತಮ್ಮ ಮುಕ್ತ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತೆ ಅನ್ನೋದು ಇನ್ನೂ ದೊಡ್ಡ ವಿಷಯ. ಊರಿನ ಡಿಟಿಪಿ ಸೆಂಟರ್‌ನವರೂ, ಕಾಲೇಜು ಫೆಸ್ಟ್ ಪೋಸ್ಟರ್ ಮಾಡೋ ಹುಡುಗಿಯೂ ಒಂದು ರೂಪಾಯಿ ಕೊಡದೆ ಬಳಸಬಹುದು.

ಈಗ ಜೇಬಿನ ವಿಷಯ. ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಅಂತ ಒಂದು ಪದ ಇದೆ. ಜನ ನಿಮ್ಮ ಮೇಲಿಟ್ಟಿರೋ ನಂಬಿಕೆಗೆ ಒಂದು ಬೆಲೆ. ನಿಯಮ ಏನಂದ್ರೆ, ನೀವೇ ವರ್ಷಗಟ್ಟಲೆ ಗಳಿಸಿದ ಗುಡ್‌ವಿಲ್ಲನ್ನು ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿ ಅಂತ ತೋರಿಸೋ ಹಾಗಿಲ್ಲ. ದುಡ್ಡು ಕೊಟ್ಟು ಇನ್ನೊಂದು ವ್ಯಾಪಾರವನ್ನು ಕೊಂಡಾಗ ಬಂದದ್ದನ್ನು ಮಾತ್ರ ತೋರಿಸಬಹುದು. ನನಗೆ ಈ ದುಂಡು ಅಕ್ಷರ ನೋಡಿದಾಗೆಲ್ಲ ಆ ನಿಯಮ ನೆನಪಾಗುತ್ತೆ. ನಿನ್ನೆ ಶುರುವಾದ ಕಂಪನಿಗೆ ನಂಬಿಕೆ ಗಳಿಸೋಕೆ ಸಮಯ ಇಲ್ಲ. ಅದು ನಂಬಿಕೆಯ ಆಕಾರವನ್ನು ಕೊಂಡುಕೊಳ್ಳುತ್ತೆ. ದುಂಡು ಅಕ್ಷರ, ತಿಳಿ ಬಣ್ಣ, ನಗೋ ಒಂದು ಗೊಂಬೆ.

ನನ್ನ ಚಿಕ್ಕಪ್ಪನ ಮಗ ಒಂದು ಆ್ಯಪ್‌ನಲ್ಲಿ ಸಾಲ ತಗೊಂಡಿದ್ದ. ಹೆಸರು ಬೇಡ. ಅವನ ಫೋನಿನಲ್ಲಿ ಅದನ್ನು ನಾನೇ ನೋಡಿದೆ. "ಎರಡೇ ನಿಮಿಷ" ಅನ್ನೋ ಮಾತು ದಪ್ಪಗೆ, ದುಂಡಗೆ, ಚಾಕೊಲೇಟ್ ರ‍್ಯಾಪರಿನ ಮೇಲಿರೋ ಹಾಗೆ. ಬಡ್ಡಿ, ಪ್ರೊಸೆಸಿಂಗ್ ಶುಲ್ಕ, ತಡವಾದರೆ ದಂಡ, ಇವು ಮಾತ್ರ ಕೆಳಗೆ ತೆಳ್ಳನೆ ಬೂದು ಅಕ್ಷರದಲ್ಲಿ. ಕೈಗೆ ಬಂದ ಮೊತ್ತ ಕೇಳಿದ್ದಕ್ಕಿಂತ ಕಡಿಮೆ, ಕಟ್ಟಬೇಕಾದ ಮೊತ್ತ ಅದಕ್ಕಿಂತ ಹೆಚ್ಚು. ಕಂತು ತಪ್ಪಿದ ಮೇಲೆ ಬಂದ ಫೋನ್ ಕರೆಗಳಲ್ಲಿ ದುಂಡು ಏನೂ ಇರಲಿಲ್ಲ. ಅವನು ದಡ್ಡ ಅಲ್ಲ. ಅವನ ಕಣ್ಣು ಎಲ್ಲರ ಕಣ್ಣಿನ ಹಾಗೆ ಮೊದಲು ದಪ್ಪ ಅಕ್ಷರ ಓದಿತು, ಅಷ್ಟೆ.

ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್ 2ರಂದು ಡಿಜಿಟಲ್ ಸಾಲಗಳಿಗೆ ಮಾರ್ಗಸೂಚಿ ಹೊರಡಿಸಿತು. ಸಾಲ ಕೊಡೋ ಮುಂಚೆ ಮುಖ್ಯ ಅಂಶಗಳ ಒಂದು ಪಟ್ಟಿಯನ್ನು ನಿಗದಿತ ನಮೂನೆಯಲ್ಲಿ ಕೊಡಬೇಕು, ಎಲ್ಲ ಖರ್ಚು ಸೇರಿಸಿ ವಾರ್ಷಿಕ ದರ ಎಷ್ಟು ಅಂತ ಅದರಲ್ಲಿ ಹೇಳಬೇಕು, ಮನಸ್ಸು ಬದಲಾದರೆ ದಂಡವಿಲ್ಲದೆ ಸಾಲ ವಾಪಸ್ ಮಾಡೋಕೆ ಒಂದಷ್ಟು ಅವಧಿ ಕೊಡಬೇಕು ಅನ್ನೋದು ಅದರಲ್ಲಿತ್ತು. ನನ್ನ ದೃಷ್ಟಿಯಲ್ಲಿ ಆ ನಮೂನೆಯ ಅರ್ಥ ಇಷ್ಟೇ, ಕೆಲವು ಮಾತುಗಳನ್ನು ಮುದ್ದು ಮಾಡಿ ಹೇಳೋ ಹಾಗಿಲ್ಲ. ನೀವು ಎಂದಾದರೂ ಇಂಥ ಆ್ಯಪ್ ತೆರೆದರೆ, ದಪ್ಪ ಅಕ್ಷರ ಬಿಟ್ಟು ನೇರ ಆ ಪಟ್ಟಿಗೆ ಹೋಗಿ. ಪಟ್ಟಿ ಇಲ್ಲ ಅಂದ್ರೆ ಆ್ಯಪ್ ಮುಚ್ಚಿ.

ಇದರಲ್ಲಿ ಅಕ್ಷರದ ತಪ್ಪೇನೂ ಇಲ್ಲ. ಸಿಹಿ ಮಾತಾಡುವವರೆಲ್ಲ ಮೋಸಗಾರರಲ್ಲ. ಯಾವ ಮಾತಿಗೆ ಯಾವ ದನಿ ಅನ್ನೋ ವಿವೇಕ ಬೇಕು. ದುಂಡು ದಪ್ಪ ಅಕ್ಷರ ಚೆನ್ನಾಗಿ ಒಪ್ಪೋ ಜಾಗಗಳು ಬೇಕಾದಷ್ಟಿವೆ. ಮಕ್ಕಳ ಪುಸ್ತಕದ ಮುಖಪುಟ, ಐಸ್‌ಕ್ರೀಮ್ ಅಂಗಡಿ, ಬೇಕರಿ, ಆಟಿಕೆ ಡಬ್ಬಿ, ಒಂದೆರಡು ಪದದ ಬಟನ್, ದೂರದಿಂದ ಓದಬೇಕಾದ ಬೋರ್ಡು. ಅಂಗನವಾಡಿ ಗೋಡೆಯ ಮೇಲೆ "ಸ್ವಾಗತ" ಅಂತ ಬರೆಯೋಕೆ ಇದಕ್ಕಿಂತ ಒಳ್ಳೆಯದಿಲ್ಲ. ಬೇಡದ ಜಾಗಗಳೂ ಇವೆ. ಉದ್ದನೆಯ ಲೇಖನಕ್ಕೆ ಬೇಡ, ಎಲ್ಲ ಗೆರೆಯೂ ಒಂದೇ ದಪ್ಪ ಇದ್ದಾಗ ಎರಡನೇ ಪ್ಯಾರಾಕ್ಕೇ ಕಣ್ಣು ಸೋಲುತ್ತೆ. ಶ್ರದ್ಧಾಂಜಲಿ ಬ್ಯಾನರಿಗೆ ಬೇಡ. ಕೋರ್ಟ್ ನೋಟಿಸಿಗೆ ಬೇಡ. ಮಾತ್ರೆ ಚೀಟಿ ಮೇಲಿನ ಸಣ್ಣ ಅಕ್ಷರಕ್ಕೆ ಖಂಡಿತ ಬೇಡ. ಅಲ್ಲಿ ಒಂದು ಚುಕ್ಕೆ ಮುಚ್ಚಿಹೋದರೂ ಅಪಾಯ.

ಕೊನೆಗೊಂದು ಮಾತು, ಇದು ಅಂಗಡಿ ಇಟ್ಟಿರೋ ಕೇಳುಗರಿಗೆ. 2024ರ ತಿದ್ದುಪಡಿ ಕಾಯ್ದೆ ಪ್ರಕಾರ ಕರ್ನಾಟಕದಲ್ಲಿ ನಾಮಫಲಕದ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಆಮೇಲೆ ಎಷ್ಟೋ ಬೋರ್ಡುಗಳು ಬದಲಾದವು. ಕೆಲವು ಕಡೆ ಇಂಗ್ಲಿಷ್ ಹೆಸರಿಗೆ ಡಿಸೈನರ್ ಕೂರಿಸಿ ಬರೆಸಿದ ಅಕ್ಷರ, ಕನ್ನಡಕ್ಕೆ ಮಾತ್ರ ಯಾವುದೋ ಸಿಕ್ಕ ಫಾಂಟನ್ನು ಎಳೆದು ಹಿಗ್ಗಿಸಿದ್ದು. ಒತ್ತು ಕಿತ್ತುಹೋಗಿದೆ, ಗೀಟು ಕಾಣಲ್ಲ. ಕಾನೂನು ಅಳೆಯೋದು ಜಾಗವನ್ನು, ಗೌರವವನ್ನು ಅಳೆಯೋ ಟೇಪು ಅದರ ಹತ್ತಿರ ಇಲ್ಲ. ಬೋರ್ಡು ಬರೆಸೋ ಮುಂಚೆ ನಿಮ್ಮ ಅಂಗಡಿ ಹೆಸರನ್ನು ಆರಿಸಿದ ಫಾಂಟಿನಲ್ಲಿ ಟೈಪ್ ಮಾಡಿ, ಫೋನನ್ನು ಗೋಡೆಗೆ ಒರಗಿಸಿ, ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತು ಓದಿ. ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ, "ಧ" ಅನ್ನೋದು "ಧ" ಆಗಿಯೇ ಉಳಿದರೆ, ಧೈರ್ಯವಾಗಿ ಬರೆಸಿ.

ಇವತ್ತು ಮನೆಗೆ ಹೋಗೋ ದಾರಿಯಲ್ಲಿ ಬೋರ್ಡುಗಳ ಮೂಲೆ ನೋಡ್ತಾ ಹೋಗಿ. ಒಳ್ಳೆಯದೊಂದು ಕಂಡರೆ ಫೋಟೊ ತೆಗೆದು ಕಳಿಸಿ.